ಕಿಲೋ ಲೆಕ್ಕಕ್ಕೆ ತೂಗುವ ವಸ್ತುವಲ್ಲ



ಮನೆಗೆ ಸ್ಕೂಟರು ಬಂದ ವಾರವೇ ಅಪ್ಪನ ಸೈಕಲು ಗುಜರಿಗೆ ಹೋಗುತ್ತದೆ. ಇದು ಈಗ ನಮ್ಮ ಕಡೆಯ ರೂಢಿ. ಕುಂಬಳೆಯಿಂದ ಸೀತಾಂಗೋಳಿ, ಬದಿಯಡ್ಕ, ಪೆರ್ಲ ಎಂದು ಯಾವ ದಾರಿ ಹಿಡಿದರೂ ಗುಜರಿಯವರ ಟೆಂಪೋ ಎದುರಾಗುತ್ತದೆ. ಮುರಿದ ಫ್ಯಾನು, ತಗಡಿನ ಡಬ್ಬ, ತೂತುಬಿದ್ದ ಕೊಡಪಾನಗಳ ಮೇಲೆ ಕಪ್ಪು ಬಣ್ಣದ ಉಕ್ಕಿನ ಸೈಕಲೊಂದು ಕಾಲು ಮೇಲೆ ಮಾಡಿ ಮಲಗಿರುತ್ತದೆ. ತಕ್ಕಡಿಗೆ ಹಾಕಿದರೆ ಇಪ್ಪತ್ತು ಕಿಲೋದ ಆಚೀಚೆ. ಕೈಗೆ ಬರುವ ಹಣದಲ್ಲಿ ಒಂದು ಚೀಲ ಅಕ್ಕಿಯೂ ಬರುವುದಿಲ್ಲ. ಮೂವತ್ತು ವರ್ಷ ಒಂದು ಸಂಸಾರವನ್ನು ಹೊತ್ತು ನಡೆದದ್ದಕ್ಕೆ ನಾವು ಕಟ್ಟಿದ ಬೆಲೆ ಇಷ್ಟೆಯೋ? ಈ ರೂಢಿ ತಪ್ಪು ಎಂದು ಹೇಳುವುದಕ್ಕೇ ಈ ಬರಹ. ಮೆತ್ತಗೆ ಹೇಳಲು ಮನಸ್ಸಿಲ್ಲ.

"ನಮ್ಮ ಸೈಕಲು, ನಮ್ಮ ಇಷ್ಟ, ನಿಮಗೇನು?" ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಅದು ನಿಮ್ಮದೇ. ಆದರೆ ಆ ವಸ್ತುವಿನೊಳಗೆ ಯಾರ ಯಾರ ಕೆಲಸ ಸೇರಿದೆಯೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಕಾರ್ಖಾನೆಯ ಹೆಸರು ಚೈನ್‌ಕವರಿನ ಮೇಲೆ ಬರೆದಿದೆ ನಿಜ, ಆದರೆ ಸೈಕಲು ಕಾರ್ಖಾನೆಯಿಂದ ತಾನಾಗಿ ಓಡಿ ಬರಲಿಲ್ಲ. ಚೌಕಟ್ಟು ಒಂದು ಕಡೆ, ರಿಮ್ಮು ಒಂದು ಕಡೆ, ಕಡ್ಡಿಗಳ ಕಟ್ಟು ಇನ್ನೊಂದು ಕಡೆ, ಹೀಗೆ ಬಿಡಿಬಿಡಿಯಾಗಿ ಪೇಟೆಯ ಅಂಗಡಿಗೆ ಬರುತ್ತಿತ್ತು. ಅದನ್ನು ಸೈಕಲು ಮಾಡಿದವನು ಅಂಗಡಿಯ ಫಿಟ್ಟರು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನ ಚಕ್ರಕ್ಕೆ 40 ಕಡ್ಡಿ. ಭಾರ ಬೀಳುವುದು ಹಿಂದೆ, ಆದ್ದರಿಂದ ಅಲ್ಲಿ ಎಂಟು ಹೆಚ್ಚು. ಒಂದೊಂದನ್ನೂ ಹಬ್ಬಿನ ತೂತಿಗೆ ಪೋಣಿಸಿ, ಒಂದರ ಮೇಲೆ ಒಂದು ಅಡ್ಡ ದಾಟಿಸಿ, ರಿಮ್ಮಿಗೆ ಬಿಗಿದು, ಚಕ್ರವನ್ನು ತಿರುಗಿಸಿ ಬೆಂಡು ತೆಗೆಯಬೇಕು. ಬಲ್ಲವನು ಕಡ್ಡಿಯನ್ನು ಬೆರಳಿನಿಂದ ಮೀಟಿ, ಅದರ ಸದ್ದಿನಿಂದಲೇ ಬಿಗಿ ಹೆಚ್ಚೋ ಕಡಿಮೆಯೋ ಹೇಳುತ್ತಿದ್ದ. ಇದನ್ನು ಕೈಕೆಲಸ ಎನ್ನದೆ ಇನ್ನೇನೆನ್ನಬೇಕು?

ಚೌಕಟ್ಟಿನ ಮೂಲೆಗಳನ್ನು ನೋಡಿ. ಎರಡು ನಳಿಗೆ ಸೇರುವಲ್ಲಿ ಅಂಗಿಯ ತೋಳಿನಂತಹ ಒಂದು ಉಕ್ಕಿನ ತುಂಡಿದೆ. ನಳಿಗೆಯನ್ನು ಅದರೊಳಗೆ ತೂರಿಸಿ, ಕಾಯಿಸಿ, ಹಿತ್ತಾಳೆ ಕರಗಿಸಿ ಸಂದಿಗೆ ಬಿಡುತ್ತಾರೆ. ಉಕ್ಕು ಕರಗುವ ಮೊದಲೇ ಹಿತ್ತಾಳೆ ಕರಗುತ್ತದೆ, ಸಂದಿಯೊಳಗೆ ಹರಿದು ಹಿಡಿದುಕೊಳ್ಳುತ್ತದೆ. ಹಾಗೆ ಬೆಸೆದದ್ದನ್ನು ಮತ್ತೆ ಕಾಯಿಸಿ ಬಿಡಿಸಲೂ ಬರುತ್ತದೆ. ನಳಿಗೆ ಬಾಗಿದರೆ ಬದಲಿಸಬಹುದು, ಫೋರ್ಕು ಬಿರುಕು ಬಿಟ್ಟರೆ ಪುನಃ ಬೆಸೆಯಬಹುದು. ಇವತ್ತು ಪೇಟೆಯಲ್ಲಿ ಕಾಣುವ ಅಲ್ಯೂಮಿನಿಯಂ ಸೈಕಲು ಸೀಳಿದರೆ ನಮ್ಮ ಊರಿನ ಬೆಸುಗೆಯವನು ಕೈಯಾಡಿಸಿ ಬಿಡುತ್ತಾನೆ. ಉಕ್ಕಿನದ್ದು ಮಾತ್ರ ನಮ್ಮ ಕೈಗೆ ಬಗ್ಗುವ ವಸ್ತು, ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಕ್ಕೆಂದೇ ಮಾಡಿದ ಹಾಗಿದೆ. ಅದನ್ನು ಕುಲುಮೆಗೆ ಕಳುಹಿಸುವುದೆಂದರೆ, ಇನ್ನೂ ದುಡಿಯಬಲ್ಲ ಎತ್ತನ್ನು ಕಟುಕನಿಗೆ ಹೊಡೆದ ಹಾಗೆ.

ಮತ್ತೆ ಆ ನಳಿಗೆಗಳನ್ನು ಬೆಸೆದವರು ಯಾರು? ಮೊದಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮಿನ ಕೂಲಿಕಾರರು. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಹುಟ್ಟಿತು, ಹರ್ಕ್ಯುಲಿಸ್ ನಮ್ಮ ನಾಡಿನದ್ದಾಯಿತು. 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ, ಬಂಗಾಳದ ಆಸನ್ಸೋಲಿನಲ್ಲಿ ಸೆನ್‌ರ್‍ಯಾಲಿ. ಇವುಗಳ ಕತೆ ಏನಾಯಿತೆಂದು ಕೂಲಿಕಾರರಾದ ನಮಗೆ ಗೊತ್ತಿರಬೇಕು. ಆಸನ್ಸೋಲಿನ ಕಾರ್ಖಾನೆಯನ್ನು ಸರಕಾರ ವಹಿಸಿಕೊಂಡಿತು, ಕೊನೆಗೆ ಅದೂ ಬಾಗಿಲು ಹಾಕಿತು. ಅಟ್ಲಾಸಿನ ಕೊನೆಯ ದೊಡ್ಡ ಕಾರ್ಖಾನೆ ದಿಲ್ಲಿಯ ಪಕ್ಕದ ಸಾಹಿಬಾಬಾದಿನಲ್ಲಿತ್ತು. 2020ರ ಜೂನ್ 3ರಂದು ಅಲ್ಲಿಯ ಕೆಲಸಗಾರರು ಗೇಟಿಗೆ ಬಂದಾಗ ಕೆಲಸವಿಲ್ಲವೆಂಬ ನೋಟೀಸು ಅಂಟಿಸಿತ್ತು. ನಾನೂರಕ್ಕೂ ಹೆಚ್ಚು ಮಂದಿ ಮನೆಗೆ ಹೋದರು. ಆ ಜೂನ್ 3 ವಿಶ್ವಸಂಸ್ಥೆ 2018ರಲ್ಲಿ ಗೊತ್ತುಮಾಡಿದ ವಿಶ್ವ ಸೈಕಲ್ ದಿನ. ದೊಡ್ಡವರು ಸೈಕಲ್ಲಿನ ಗುಣಗಾನ ಮಾಡಿ ಫೊಟೊ ತೆಗೆಸಿಕೊಳ್ಳುತ್ತಿದ್ದಾಗ ಸೈಕಲು ಮಾಡಿದವರು ರಸ್ತೆಗೆ ಬಿದ್ದರು. ಅವರು ಬೆಸೆದ ಚೌಕಟ್ಟು ನಮ್ಮ ಲೈನಿನ ಜಗಲಿಯಲ್ಲಿದೆ. ಅದನ್ನು ನಾವೂ ಬಿಸಾಡಬೇಕೆ?

ಗುಜರಿಗೆ ಹಾಕುವವರನ್ನು ಬೈದೆವು. ಈಗ ಇನ್ನೊಂದು ಜಾತಿಯ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಹಳೆಯ ರಾಡ್ ಬ್ರೇಕಿನ ಸೈಕಲು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾರೆ, ಗುಜರಿಯವನಿಗಿಂತ ನಾಲ್ಕು ಕಾಸು ಹೆಚ್ಚೇ ಕೊಡುತ್ತಾರೆ. ಒಯ್ದು ಬಣ್ಣ ಬಳಿದು ರಿಸಾರ್ಟಿನ ಬಾಗಿಲಲ್ಲಿ ನಿಲ್ಲಿಸುತ್ತಾರೆ, ಕ್ಯಾರಿಯರಿಗೆ ಹೂವಿನ ಕುಂಡ ಕಟ್ಟುತ್ತಾರೆ. ಕೆಲವು ಹೋಟೆಲುಗಳಲ್ಲಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೂ ಉಂಟು. ಮೀನಿನ ಬುಟ್ಟಿ, ಸೊಪ್ಪಿನ ಹೊರೆ, ಅಕ್ಕಿ ಮೂಟೆ, ಜ್ವರ ಬಂದ ಮಗು, ಇಷ್ಟನ್ನೆಲ್ಲ ಹೊತ್ತ ಕ್ಯಾರಿಯರು ಅದು. ಅದರ ಮೇಲೆ ಪ್ಲಾಸ್ಟಿಕ್ ಹೂವು! ನಮ್ಮ ಬಡತನ ಮುಗಿದುಹೋದ ಒಂದು ಹಳೆಯ ಕತೆಯೆಂದೂ, ಈಗ ಅದನ್ನು ನೋಡಿ ಆನಂದಿಸಬಹುದೆಂದೂ ಅವರ ಎಣಿಕೆ. ಗುಜರಿಯವನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವನೂ ದುಡಿದು ತಿನ್ನುವವನು.

ಮೂರನೆಯವರು ನಮ್ಮೊಳಗಿನವರೇ, ಒಳ್ಳೆಯವರೇ. ಅವರೊಡನೆ ಜಗಳಕ್ಕೆ ಇಳಿಯುವುದು ಕಷ್ಟ. ಅವರು ಮಾರುವುದಿಲ್ಲ, ಕೊಡುವುದೂ ಇಲ್ಲ. "ಅಪ್ಪನ ನೆನಪು" ಎಂದು ಹೇಳಿ ಜಗಲಿಯ ಮೂಲೆಯಲ್ಲಿ ತಾಡಪಾಲು ಹೊದಿಸಿ ಇಡುತ್ತಾರೆ. ವರ್ಷಕ್ಕೊಮ್ಮೆ ಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಾರೆ, ಕಣ್ಣೀರನ್ನೂ ಒರೆಸಿಕೊಳ್ಳುತ್ತಾರೆ. ಆ ಪ್ರೀತಿಯನ್ನು ಹಾಸ್ಯ ಮಾಡುವವನು ನಾನಲ್ಲ. ಆದರೆ ನಮ್ಮ ಕರಾವಳಿಯ ಮಳೆ ಪ್ರೀತಿ ನೋಡಿ ಬಿಡುವುದಿಲ್ಲ. ನಾಲ್ಕು ಮಳೆಗಾಲ ನಿಂತ ಸೈಕಲಿನ ಹಬ್ಬಿನೊಳಗೆ ಗ್ರೀಸು ಮಣ್ಣಾಗುತ್ತದೆ, ಚೈನು ಒಂದೇ ಗಂಟಾಗುತ್ತದೆ, ಟಯರು ನೆಲಕ್ಕೆ ತಾಗಿದ ಕಡೆ ಸೀಳುತ್ತದೆ. ಓಡುವ ಸೈಕಲು ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ಅಪ್ಪನ ನೆನಪನ್ನು ಉಳಿಸುವ ಮನಸ್ಸಿದ್ದರೆ ಅದನ್ನು ಓಡಿಸುವವರ ಕೈಗೆ ಕೊಡಿ. ಎಲೀಯನ ಕಂಬಳಿಯ ಸಂಗತಿ ನಾವೆಲ್ಲ ಕೇಳಿದ್ದೇವೆ. ಅವನು ಅದನ್ನು ಹಾಕಿದ್ದು ಹೊಲದಲ್ಲಿ ಎತ್ತುಗಳ ಹಿಂದೆ ನೇಗಿಲು ಹಿಡಿದು ಉಳುತ್ತಿದ್ದ ಒಬ್ಬನ ಮೇಲೆ. ಮಡಚಿ ಪೆಟ್ಟಿಗೆಯಲ್ಲಿ ಇಡಲಿಲ್ಲ.

ಯಾರಿಗೆ ಕೊಡಬೇಕು? ಇಲ್ಲಿಗೆ ಬಂದಾಗಲೇ ನಮ್ಮ ನಿಜವಾದ ಬುದ್ಧಿ ಹೊರಗೆ ಬರುವುದು. ಮಗ ಇದ್ದರೆ ಮಗನಿಗೆ. ಅವನಿಗೆ ಬೇಡವಾದರೆ, ಅಳಿಯನಿಗೆ ಕೇಳಿ, ಅವನೂ ಬೇಡವೆಂದರೆ ಗುಜರಿಗೆ. ಮನೆಯಲ್ಲಿ ಎಂಟನೆಯ ಕ್ಲಾಸಿನ ಹುಡುಗಿ ಇದ್ದಾಳೆ, ಪಕ್ಕದ ಲೈನಿನಲ್ಲಿ ಇನ್ನಿಬ್ಬರು ಇದ್ದಾರೆ ಎಂದು ಯಾರಿಗೂ ನೆನಪಾಗುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ತೆಗೆದು ನೋಡಿದರೆ ಒಂದು ಸಂಗತಿ ಕಾಣುತ್ತದೆ. ತೋಟದಲ್ಲಿ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಧಣಿಗಳು ವಿದ್ಯೆಯ ಏರ್ಪಾಡು ಮಾಡಬೇಕೆಂದು ನಿಯಮ ಮಾಡುವ ಅಧಿಕಾರವನ್ನು ಅದು ರಾಜ್ಯ ಸರಕಾರಕ್ಕೆ ಕೊಟ್ಟಿತ್ತು. ಹನ್ನೆರಡರ ಮೇಲೆ? ಕಾಯಿದೆ ಅಲ್ಲಿಗೆ ಬಾಯಿ ಮುಚ್ಚಿತು. ಹೈಸ್ಕೂಲು ಇದ್ದದ್ದು ತೋಟದ ಹೊರಗೆ, ಗುಡ್ಡೆ ಇಳಿದು, ಸಂಕ ದಾಟಿ, ಟಾರು ರಸ್ತೆಯ ಬದಿಯಲ್ಲಿ. ಎಷ್ಟು ಹೆಣ್ಣುಮಕ್ಕಳ ಓದು ಆ ದಾರಿಯಲ್ಲೇ ಮುಗಿಯಿತೆಂದು ನಮ್ಮ ಅಮ್ಮಂದಿರನ್ನು, ಅಕ್ಕಂದಿರನ್ನು ಕೇಳಿ. ಇದೇ ಸೀಮೆಯ ಸರಕಾರಿ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಲು 2000ನೇ ಇಸವಿಯವರೆಗೆ ಹೆಲಿಕಾಪ್ಟರು ಹಾರಿತು. ವಿಷಕ್ಕೆ ಆಕಾಶಮಾರ್ಗ ಸಿಕ್ಕಿತು, ಮಕ್ಕಳಿಗೆ ಕಾಲುದಾರಿ.

"ಹುಡುಗಿಗೆ ಗಂಡಸರ ಸೈಕಲೇ? ಅಡ್ಡ ಬಾರು ಇದೆಯಲ್ಲ" ಎನ್ನುವವರಿಗೆ ತಮಿಳುನಾಡಿನ ಪುದುಕೋಟೆಯ ಕತೆ ಹೇಳುತ್ತೇನೆ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಕಲೆಕ್ಟರು ಶೀಲಾ ರಾಣಿ ಚುಂಕತ್ ಎಂಬ ಹೆಣ್ಣುಮಗಳು. ಓದು ಬರಹದ ಜೊತೆಗೆ ಸೈಕಲು ಕಲಿಸುವುದನ್ನೂ ಸೇರಿಸಿದರು. ಹೊಲದ ಕೂಲಿ, ಕಲ್ಲುಕೋರೆಯ ಕೂಲಿ, ಅಂಗನವಾಡಿಯವರು, ದಾದಿಯರು, ಹೀಗೆ ಹತ್ತಾರು ಸಾವಿರ ಹೆಂಗಸರು ಕಲಿತರು. ಲೇಡೀಸ್ ಸೈಕಲು ಅಂಗಡಿಗಳಲ್ಲಿ ಮುಗಿದುಹೋಯಿತು. ಅವರು ನಿಲ್ಲಲಿಲ್ಲ, ಗಂಡಸರ ಸೈಕಲನ್ನೇ ಹತ್ತಿದರು. ಕೆಲವರಂತೂ ಅದೇ ವಾಸಿ ಎಂದರು, ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ! ಸೀರೆ ಉಟ್ಟು ಹೊಲಕ್ಕೆ ಹೋಗುವ ತಾಯಂದಿರಿಗೆ ಅಡ್ಡ ಬಾರು ಅಡ್ಡಿಯಾಗಲಿಲ್ಲ, ನಮ್ಮ ಚೂಡಿದಾರಿನ ಹುಡುಗಿಯರಿಗೆ ಆಗುತ್ತದಂತೆ. ಅಡ್ಡ ಇರುವುದು ಬಾರು ಅಲ್ಲ ಸ್ವಾಮಿ.

ಸರಕಾರಗಳು ಕೊಟ್ಟಾಗ ಏನಾಯಿತೆಂಬುದಕ್ಕೂ ಲೆಕ್ಕ ಉಂಟು. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ಕ್ಲಾಸಿಗೆ ಸೇರಿದ ಹುಡುಗಿಯರಿಗೆ ಸೈಕಲಿನ ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರದವರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದ ಪ್ರಕಾರ, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತು. ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲೇ ಫಲ ಹೆಚ್ಚು. ನಮ್ಮ ಗಡಿಯ ಆಚೆ ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲು ಹಂಚಿದರು, ಕೋವಿಡ್ ಬಂದಾಗ ಅದು ನಿಂತಿತು. ಸರಕಾರ ಕೊಡಲಿ, ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ಸರಕಾರದ ಸೈಕಲಿಗೆ ಅರ್ಜಿ ಬರೆಯುತ್ತಾ ನಮ್ಮ ಜಗಲಿಯ ಸೈಕಲನ್ನು ಗುಜರಿಯವನಿಗೆ ಎತ್ತಿಕೊಡುವುದು ಯಾವ ನ್ಯಾಯ?

ಇನ್ನು ಸಾಲದ ವಿಷಯ. ಇದನ್ನು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಎಷ್ಟೋ ಸೈಕಲುಗಳು ಮಾರಿ ಹೋದದ್ದಲ್ಲ, ಕೊಟ್ಟು ಹೋದದ್ದೂ ಅಲ್ಲ, ಅಂಗಡಿಯ ಪಟ್ಟಿಯ ಬಾಕಿಗೆ, ಚಿಟ್ಟಿಯ ಕಂತಿಗೆ, ಬಡ್ಡಿಯವನ ಕೈಗೆ ಎಳೆದುಹೋದದ್ದು. "ಹಣ ಕೊಟ್ಟು ಬಿಡಿಸಿಕೋ" ಎಂದು ಸೈಕಲಿಗೆ ಬೀಗ ಜಡಿದವರನ್ನು ನಾವು ನೋಡಿದ್ದೇವೆ. ಸೈಕಲು ಇಲ್ಲದೆ ಅವನು ಕೆಲಸಕ್ಕೆ ಹೋಗುವುದು ಹೇಗೆ, ಹಣ ಸಂಪಾದಿಸುವುದು ಹೇಗೆ? ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದು, ಅದು ಜೀವವನ್ನೇ ಒತ್ತೆ ಹಿಡಿದ ಹಾಗೆ ಎಂದು ಮೋಶೆಯ ಕಟ್ಟಳೆಯಲ್ಲಿ ಇರುವುದು ಸುಮ್ಮನೆ ಅಲ್ಲ. ನಮ್ಮ ದೇಶದ ಸಿವಿಲ್ ಕಾಯಿದೆಯೂ ಇದನ್ನು ಬಲ್ಲದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ, ಕೋರ್ಟಿನ ಡಿಕ್ರಿ ಆದರೂ ಕಸಬುದಾರನ ಹತ್ಯಾರುಗಳನ್ನು ಜಪ್ತಿ ಮಾಡಬಾರದು ಎಂದಿದೆ. ಸೈಕಲು ಹತ್ಯಾರೋ ಅಲ್ಲವೋ ಎಂದು ವಕೀಲರು ವಾದ ಮಾಡಲಿ. ಕೋರ್ಟಿಗೇ ಇಷ್ಟು ಕಡಿವಾಣ ಇರುವಾಗ, ಕೋರ್ಟೂ ಇಲ್ಲದೆ ಡಿಕ್ರಿಯೂ ಇಲ್ಲದೆ ಜಗಲಿಯಿಂದ ಎಳೆದುಕೊಂಡು ಹೋಗುವ ಹಕ್ಕು ಬಡ್ಡಿಯವನಿಗೆ ಯಾರು ಕೊಟ್ಟರು? ಹಾಗೆ ಬಂದ ಸೈಕಲು ಅಗ್ಗಕ್ಕೆ ಸಿಗುತ್ತದೆಂದು ನಮ್ಮವರೇ ಕೊಳ್ಳುವುದುಂಟು. ಅದನ್ನು ಮುಟ್ಟಬೇಡಿ. ಇನ್ನೊಬ್ಬ ಕೂಲಿಯ ಕಾಲನ್ನು ಕಡಿದು ಮಾರಿದ್ದನ್ನು ಕೊಂಡ ಹಾಗೆ.

2020ರ ಮೇ ತಿಂಗಳ ಒಂದು ಸುದ್ದಿ ನೆನಪಿರಬಹುದು. ಲಾಕ್‌ಡೌನಿನಲ್ಲಿ ದಿಲ್ಲಿಯ ಹತ್ತಿರದ ಗುರುಗ್ರಾಮದಿಂದ ಬಿಹಾರದ ದರ್ಭಾಂಗಕ್ಕೆ, ಸುಮಾರು 1,200 ಕಿಲೋಮೀಟರು, ಹದಿನೈದು ವರ್ಷದ ಹುಡುಗಿಯೊಬ್ಬಳು ಗಾಯಗೊಂಡ ತಂದೆಯನ್ನು ಸೈಕಲಿನ ಹಿಂದೆ ಕೂರಿಸಿಕೊಂಡು ಹೋದಳು. ತಂದೆ ರಿಕ್ಷಾ ಓಡಿಸುವವನು. ಅವರು ಹತ್ತಿದ್ದು ಯಾರೋ ಓಡಿಸಿ ಬಿಟ್ಟ ಹಳೆಯ ಸೈಕಲು, ಇದ್ದ ಚೂರು ಹಣಕ್ಕೆ ಕೊಂಡದ್ದು. ದೇಶ ವಿದೇಶದಿಂದ ಹೊಗಳಿದರು, ಸೈಕಲಿನ ಪಂದ್ಯದವರು ಕರೆದರು. ಹೊಗಳಿದ ದೊಡ್ಡವರಲ್ಲಿ ಒಬ್ಬರಿಗಾದರೂ ನಾಚಿಕೆಯಾಯಿತೋ ಇಲ್ಲವೋ, ರೈಲು ಬಸ್ಸು ನಿಲ್ಲಿಸಿ ಕೂಲಿಕಾರರನ್ನು ಬೀದಿಯಲ್ಲಿ ಬಿಟ್ಟವರು ಯಾರೆಂದು ಕೇಳಿದವರು ಕಡಿಮೆ. ಆ ಹಳೆಯ ಸೈಕಲು ಅದಕ್ಕೆ ಹಿಂದಿನ ವಾರ ಗುಜರಿಗೆ ಹೋಗಿದ್ದರೆ?

ಈಗ ದಾಟಿಸುವ ಕ್ರಮ. "ತೆಕ್ಕೋ, ಬೇಕಾದರೆ ರಿಪೇರಿ ಮಾಡಿಸಿಕೋ" ಎಂದು ಹರಿದ ಟಯರು, ಹಿಡಿಯದ ಬ್ರೇಕಿನ ಸೈಕಲನ್ನು ಬಡವರ ಮನೆಯ ಅಂಗಳಕ್ಕೆ ತಳ್ಳುವುದು ದಾನವೂ ಅಲ್ಲ ಧರ್ಮವೂ ಅಲ್ಲ, ಕಸ ಸಾಗಿಸಿದ್ದು. ಕೊಡುವ ಮೊದಲು ಬಿಚ್ಚಿಸಿ ಕಟ್ಟಿಸಿ. ಹಿಂದಿನ ಹಬ್ಬಿಗೆ ಕಾಲು ಇಂಚಿನ ಬಾಲ್ಸು ಬದಿಗೆ ಒಂಬತ್ತರಂತೆ ಹೊಸತು ಹಾಕಿಸಿ, ಸವೆದ ಕಾಟರ್ ಪಿನ್ನು ಬದಲಿಸಿ, ಸೀಟನ್ನು ಓಡಿಸುವವರ ಎತ್ತರಕ್ಕೆ ಇಳಿಸಿ. ನಿಮ್ಮ ಎತ್ತರಕ್ಕೆ ಇಟ್ಟು "ನೋಡು, ಇವಳಿಗೆ ಆಗುವುದಿಲ್ಲ" ಎನ್ನಬೇಡಿ. ಪಂಪು, ಸ್ಪಾನರು, ಪಂಕ್ಚರಿನ ಸಾಮಾನು ಜೊತೆಗೇ ಹೋಗಲಿ. ಚೈನು ಬಿದ್ದರೆ ಹಾಕುವುದು, ಟ್ಯೂಬು ಬಿಚ್ಚಿ ನೀರಿನ ಬಾಲ್ದಿಯಲ್ಲಿ ಮುಳುಗಿಸಿ ತೂತು ಹುಡುಕುವುದು, ಇದನ್ನು ಒಂದು ಭಾನುವಾರ ಸಂಜೆ ಕೂತು ಕಲಿಸಿ.

ಹಣ ತೆಗೆದುಕೊಳ್ಳಬೇಕೋ ಬೇಡವೋ? ನನ್ನ ಮಟ್ಟಿಗೆ ಸ್ವಲ್ಪ ತೆಗೆದುಕೊಳ್ಳುವುದೇ ಒಳ್ಳೆದು. ಪುಕ್ಕಟೆ ಕೊಟ್ಟವರು ವರ್ಷವಿಡೀ ಅದರ ಮೇಲೆ ಕಣ್ಣಿಡುತ್ತಾರೆ. "ನಮ್ಮ ಸೈಕಲು, ಮಳೆಯಲ್ಲಿ ನಿಲ್ಲಿಸಿದ್ದಾನೆ, ಬೆಲ್ಲು ಮುರಿದಿದ್ದಾನೆ" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಹಾಗೆ ಕೊಟ್ಟದ್ದು ಕೊಟ್ಟ ಹಾಗಲ್ಲ. ಅವರಿಂದಾಗುವ ಬೆಲೆ ಹೇಳಿ, ಎರಡು ಮೂರು ಕಂತಿಗೆ ತೆಗೆದುಕೊಳ್ಳಿ, ಬಡ್ಡಿ ಬೇಡ. ಆಮೇಲೆ ಅದು ಅವರದ್ದು. ಕೆಂಪು ಬಣ್ಣ ಬಳಿದರೂ ಅವರದ್ದು, ಅಪ್ಪನ ಹೆಸರು ಬರೆದ ಮಡ್‌ಗಾರ್ಡು ತೆಗೆದುಹಾಕಿದರೂ ಅವರದ್ದು. ನಿಮಗೆ ನೋವಾದೀತು, ಆಗಲಿ.

ಇನ್ನೊಂದು ಸಂಗತಿಯನ್ನು ಯಾರೂ ಯೋಚಿಸುವುದಿಲ್ಲ. ಕೊಡುವಾಗ ಒಂದು ಚೀಟಿ ಬರೆದುಕೊಡಿ. ಚೌಕಟ್ಟಿನಲ್ಲಿ ನಂಬರು ಕೊರೆದಿರುತ್ತದೆ, ಸೀಟಿನ ಕೆಳಗಿನ ನಳಿಗೆಯ ಮೇಲೋ ಪೆಡಲಿನ ಗೂಡಿನ ಅಡಿಯಲ್ಲೋ ಹುಡುಕಿ. ಆ ನಂಬರು, ತಾರೀಕು, ಇಂಥವರಿಗೆ ಕೊಟ್ಟೆ ಎಂಬ ಒಂದು ಸಾಲು, ಕೆಳಗೆ ಸಹಿ, ಇಷ್ಟು ಸಾಕು. ಹಿಂದೆ ಪಂಚಾಯತಿಗೆ ತೆರಿಗೆ ಕಟ್ಟಿದರೆ ಸೈಕಲಿಗೊಂದು ಬಿಲ್ಲೆ ಸಿಗುತ್ತಿತ್ತು, ಬಿಲ್ಲೆಯಿಲ್ಲದವನನ್ನು ಹಿಡಿಯುತ್ತಿದ್ದರು. ಈಗ ಬಿಲ್ಲೆ ಹೋಯಿತು, ಹಿಡಿಯುವ ಬುದ್ಧಿ ಹೋಗಲಿಲ್ಲ. ಲೈನಿನ ಹುಡುಗ, ಅದರಲ್ಲೂ ಕೊರಗರ ಕಾಲೊನಿಯ ಹುಡುಗ, ಒಳ್ಳೆಯ ಸೈಕಲು ಹತ್ತಿ ಪೇಟೆಗೆ ಬಂದರೆ "ಎಲ್ಲಿಂದ ಹೊಡೆದೆ?" ಎಂದು ಕೇಳುವವರು ಇವತ್ತಿಗೂ ಇದ್ದಾರೆ. ನಿಮ್ಮ ಪ್ರೀತಿಯ ವಸ್ತು ಅವನ ತಲೆಗೆ ಕಳ್ಳತನದ ಅಪವಾದ ತರಬಾರದು.

"ಈಗ ಸೈಕಲು ಯಾರಿಗೆ ಬೇಕು, ರಸ್ತೆಯಾದರೂ ಎಲ್ಲಿದೆ?" ಎಂಬ ಮಾತಿಗೆ ಅರ್ಧ ಸತ್ಯ ಇದೆ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರು ಹೆದ್ದಾರಿ ಆರು ಸಾಲಿನದ್ದಾಯಿತು. ಕುಂಬಳೆಯ ನಡುವೆ ಅದು ಊರನ್ನು ಎರಡು ಭಾಗ ಮಾಡಿ ಹೋಗಿದೆ. ಕಾರಿನವರಿಗೆ ಮಂಗಳೂರು ಹತ್ತಿರವಾಯಿತು, ಸೈಕಲಿನವರಿಗೆ ಎದುರು ಬದಿಯ ಅಂಗಡಿಯೇ ದೂರವಾಯಿತು. ಹುಡುಗಿಯನ್ನು ಈ ರಸ್ತೆಗೆ ಬಿಡುವುದು ಹೇಗೆ ಎಂದು ತಾಯಿಯೊಬ್ಬಳು ಹೆದರಿದರೆ ಅದು ನ್ಯಾಯವಾದ ಹೆದರಿಕೆ. ಆದರೆ ಅದಕ್ಕೆ ಮದ್ದು ಹುಡುಗಿಯನ್ನು ಮನೆಯಲ್ಲಿ ಕೂರಿಸುವುದೇ? ಸರ್ವಿಸ್ ರಸ್ತೆಯಲ್ಲಿ ನಡೆಯುವವರಿಗೂ ಸೈಕಲಿನವರಿಗೂ ಜಾಗ ಬೇಕು, ಶಾಲೆಯ ಹತ್ತಿರ ದಾಟಲು ದಾರಿ ಬೇಕು ಎಂದು ಪಂಚಾಯತಿಗೆ ಹೋಗಿ ಕೇಳುವವರು ಯಾರು? ಸೈಕಲು ಓಡಿಸುವವರು ನಾಲ್ಕು ಮಂದಿಯಾದರೂ ಇದ್ದರೆ ತಾನೆ ಕೇಳುವುದು. ಎಲ್ಲವನ್ನೂ ಗುಜರಿಗೆ ಹಾಕಿದ ಮೇಲೆ, "ಇಲ್ಲಿ ಸೈಕಲಿನವರೇ ಇಲ್ಲವಲ್ಲ" ಎಂದು ಇಂಜಿನಿಯರು ಹೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಮತ್ತೆ ಒಳದಾರಿಗಳು ಹೆದ್ದಾರಿಯಲ್ಲ. ಅನಂತಪುರದ ಕಡೆಗೆ, ಬದಿಯಡ್ಕದ ಕಡೆಗೆ, ತೋಟದಿಂದ ಬಸ್ಸಿನ ಕಟ್ಟೆಗೆ ಇರುವ ಎರಡು ಮೂರು ಕಿಲೋಮೀಟರಿಗೆ ಪೆಟ್ರೋಲು ಸುಡುವಷ್ಟು ಸಂಬಳ ನಮ್ಮಲ್ಲಿ ಯಾರಿಗೆ ಬರುತ್ತದೆ?

ಜೂನಿನಲ್ಲಿ ಶಾಲೆ ತೆರೆಯುತ್ತದೆ, ಮಳೆಯೂ ಅದೇ ವಾರ ಹಿಡಿಯುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲೇ ತಾಡಪಾಲು ಸರಿಸಿ ನೋಡಿ. ಯಾವ ಮನೆಯಲ್ಲಿ ನಿಂತ ಸೈಕಲು ಇದೆ, ಯಾವ ಮನೆಯ ಮಗು ನಡೆದು ಹೋಗುತ್ತದೆ ಎಂಬುದನ್ನು ಆಯಾ ಲೈನಿನವರೇ ಕೂತು ಹೇಳಿಕೊಂಡರೆ ಒಂದು ಸಂಜೆಯ ಕೆಲಸ. ಟಯರು ಕೇಳುವಾಗ 28 ಇಂಚು, ಒಂದೂವರೆ ಎಂದು ಹೇಳಿ, ಅಂಗಡಿಯವರು ಮಕ್ಕಳ ಸೈಕಲಿನದ್ದು ತೋರಿಸಿದರೆ ತರಬೇಡಿ. ಬ್ರೇಕಿನ ರಬ್ಬರು ನಾಲ್ಕೂ ಹೊಸತೇ ಹಾಕಿಸಿ. ಉಕ್ಕಿನ ರಿಮ್ಮು ಮಳೆಯಲ್ಲಿ ಒದ್ದೆಯಾದರೆ ರಬ್ಬರು ಜಾರುತ್ತದೆ, ಸೈಕಲು ತಡವಾಗಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಮೊದಲೇ ಒತ್ತಬೇಕು ಎಂದು ಆ ಮಗುವಿಗೆ ಎರಡು ಸಲ ಹೇಳಿ.